ಸಗಣಿಯ ಸಾರ ಗ್ಯಾಸಿನ ಜತೆ ಹೋಗುವುದಿಲ್ಲ

ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರು ಪತ್ರ ಬರೆದು ಕೇಳಿದ್ದಾರೆ: "ಗೋಬರ್ ಗ್ಯಾಸಿಗೆ ಸಗಣಿ ಹಾಕಿದರೆ ಅದರ ಸಾರವೆಲ್ಲ ಒಲೆಯಲ್ಲೇ ಉರಿದುಹೋಗುತ್ತದಲ್ಲ, ಆಮೇಲೆ ಮರದ ಬುಡಕ್ಕೆ ಏನು ಹಾಕುವುದು?" ಈ ಅನುಮಾನ ಇವರೊಬ್ಬರದೇ ಅಲ್ಲ. ಮನೆಯಲ್ಲಿ ದನವಿದ್ದೂ ಗುಂಡಿ ಕಟ್ಟಿಸದವರ ಪೈಕಿ ಎಷ್ಟೋ ಮಂದಿ ಇದನ್ನೇ ಹೇಳುತ್ತಾರೆ. "ಉರಿದ ಮೇಲೆ ಇನ್ನೇನು ಉಳಿದೀತು" ಎನ್ನುವ ತರ್ಕ ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ತಪ್ಪು.

ಒಲೆಯಲ್ಲಿ ನೀಲಿಯಾಗಿ ಉರಿಯುವುದು ಮೀಥೇನ್. ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ, ಅಷ್ಟೇ. ಜತೆಗೆ ಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲ ಮತ್ತು ಆಮ್ಲಜನಕ. ಗಿಡ ಕೇಳುವ ಸಾರಜನಕ, ರಂಜಕ, ಪೊಟ್ಯಾಷ್ ಈ ಗ್ಯಾಸಿನ ಪೈಪು ಹತ್ತುವುದೇ ಇಲ್ಲ. ಹೆಚ್ಚುಕಡಿಮೆ ಎಲ್ಲವೂ ಗುಂಡಿಯಿಂದ ಹೊರಬರುವ ಬಗ್ಗಡದಲ್ಲಿ, ಅಂದರೆ ಸ್ಲರಿಯಲ್ಲೇ ಉಳಿಯುತ್ತವೆ. ಸಾರ ನಿಜವಾಗಿ ಹಾಳಾಗುವುದು ಬೆರಣಿ ತಟ್ಟಿ ಉರಿಸಿದಾಗ. ಆಗ ಸಾರಜನಕ ಹೊಗೆಯ ಜತೆ ಹೋಗಿ, ಬೂದಿಯಷ್ಟೇ ಕೈಗೆ ಸಿಗುತ್ತದೆ. ಬಯಲಿನ ತಿಪ್ಪೆಯೇನೂ ಸಾಚಾ ಅಲ್ಲ. ಬಿಸಿಲು ಮಳೆಗೆ ಬಿದ್ದ ಸಗಣಿಯ ಸಾರಜನಕವೂ ಒಂದಿಷ್ಟು ಗಾಳಿಗೆ ಹಾರುತ್ತದೆ, ಒಂದಿಷ್ಟು ಮಳೆನೀರಿನಲ್ಲಿ ಕೊಚ್ಚಿಹೋಗುತ್ತದೆ.

ಗುಂಡಿಯೊಳಗೆ ಗ್ಯಾಸ್ ತಯಾರಿಸುವ ಸೂಕ್ಷ್ಮಜೀವಿಗಳನ್ನು ನಾವು ಹೊರಗಿನಿಂದ ತರಬೇಕಿಲ್ಲ. ಅವು ಹಸುವಿನ ಹೊಟ್ಟೆಯಿಂದ ಸಗಣಿಯ ಜತೆಗೇ ಬಂದಿರುತ್ತವೆ. ಮೀಥೇನ್ ತಯಾರಿಸುವ ಈ ಜೀವಿಗಳು ಆರ್ಕಿಯಾ ಎಂಬ ಪುರಾತನ ಗುಂಪಿಗೆ ಸೇರಿದವು. ಗಾಳಿ ಸೋಕಿದರೆ ಅವಕ್ಕೆ ಆಗದು, ಹಸುವಿನ ಮೈಯ ಬಿಸಿ ಸಿಕ್ಕರೆ ಖುಷಿ. ಚಳಿಗಾಲದಲ್ಲಿ ಒಲೆ ಮಂಕಾಗುವುದು ಇದಕ್ಕೇ. ಗುಂಡಿಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ನಿಂಬೆಹಣ್ಣನ್ನು ಪಾನಕಕ್ಕೆ ಬಳಸಿ, ಸಗಣಿ ಕಲಸಲು ಉಗುರುಬೆಚ್ಚನೆಯ ನೀರು ಹಾಕಿ.

ಈಗ ನನಗೆ ಬಲು ಇಷ್ಟವಾದ ಕಥೆಗೆ ಬರುತ್ತೇನೆ. ಅದು ನಡೆದದ್ದು ಪತ್ರ ಬರೆದವರ ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುಮಾಡಿದ ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಕಟ್ಟಿದರು. ಮೊದಲ ಯೋಜನೆ ಮನೆಮನೆಗೂ ಅಡುಗೆ ಗ್ಯಾಸ್ ಕೊಡುವುದು. ಅದು ನಡೆಯಲಿಲ್ಲ. ಎಲ್ಲರ ಒಲೆಗೂ ಸಾಲುವಷ್ಟು ಸಗಣಿ ಇರಲಿಲ್ಲ, ಸೌದೆ ಹೇಗೋ ಸಿಗುತ್ತಿತ್ತು. ಊರವರಿಗೆ ಬೇಕಿದ್ದದ್ದು ಕುಡಿಯುವ ನೀರು.

ಹಾಗಾಗಿ 1987ರಿಂದ ಅದೇ ಗ್ಯಾಸು 7 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿಗೆ ಹೋಯಿತು. ಗೋಬರ್ ಗ್ಯಾಸ್ ಬರೀ ಒತ್ತಡಕ್ಕೆ ಹೊತ್ತಿಕೊಳ್ಳುವುದಿಲ್ಲ, ಕಿಡಿ ಹಚ್ಚಲು ತುಸು ಡೀಸೆಲ್ ಬೇಕು. ಉಳಿದ ದುಡಿಮೆಯೆಲ್ಲ ಗ್ಯಾಸಿನದು. ಎಂಜಿನ್ ಜನರೇಟರ್ ತಿರುಗಿಸಿ ಕೊಟ್ಟ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು.

ನನಗೆ ಎಂಜಿನ್ನಿಗಿಂತ ಹಿಡಿಸಿದ್ದು ಅದರ ಲೆಕ್ಕಾಚಾರ. ಹೊತ್ತು ತಂದ ಸಗಣಿಯನ್ನು ತೂಗಿ ಕಿಲೋಗೆ ಎರಡು ಪೈಸೆ ಕೂಲಿ ಕೊಡುತ್ತಿದ್ದರು. ಯಾರು ಎಷ್ಟು ತಂದರೋ ಆ ಪ್ರಮಾಣದಲ್ಲಿ ಸ್ಲರಿ ವಾಪಸು. ಗೊಬ್ಬರ ಹೋಯಿತೆಂಬ ಗೊಣಗಾಟಕ್ಕೆ ಜಾಗವೇ ಇಲ್ಲ! 'ನಾನೊಬ್ಬ ಕೊಡದಿದ್ದರೆ ಏನಾದೀತು' ಎಂದು ಎಲ್ಲರೂ ಕುಳಿತರೆ ನಲ್ಲಿ ಒಣಗುತ್ತಿತ್ತು, ದೀಪ ಆರುತ್ತಿತ್ತು. ಊರಿನ ಸೊತ್ತನ್ನು ಜನ ತಮ್ಮ ಸ್ವಾರ್ಥಕ್ಕೆ ಬಳಸಿ ಹಾಳುಮಾಡಿಯೇ ಮಾಡುತ್ತಾರೆ ಎಂದು 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದಿದ್ದರು. ಆ ವಾದಕ್ಕೆ ಪುರವನ್ನೇ ಉತ್ತರವಾಗಿ ಮುಂದಿಟ್ಟರು ರೆಡ್ಡಿ.

ಜೈವಿಕ ಇಂಧನವೆಂದರೆ ಕಣ್ಣುಮುಚ್ಚಿ 'ಪರಿಸರಸ್ನೇಹಿ' ಎನ್ನುವವರು, ಯಾರಿಂದ ಏನು ಹೋಯಿತು, ಯಾರಿಗೆ ಏನು ಬಂತು ಎಂಬ ಈ ಲೆಕ್ಕವನ್ನು ಎಲ್ಲ ಕಡೆಯೂ ಕೇಳಬೇಕು. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕಬ್ಬಿನಿಂದ ಬಂದರೆ ನಾಲೆಯ ನೀರೂ ಲೆಕ್ಕಕ್ಕೆ ಬರಬೇಕು. 'ಬಂಜರು' ಭೂಮಿಯಲ್ಲಿ ಜೈವಿಕ ಡೀಸೆಲ್ಲಿಗಾಗಿ ಜತ್ರೋಪಾ ನೆಡಿ ಎಂದು ದೇಶವೆಲ್ಲ ಡಂಗುರ ಸಾರಿದಾಗ, ಆ ಬಂಜರಿನಲ್ಲೇ ಕುರಿ ಮೇಯುತ್ತಿದ್ದದ್ದು ಎಷ್ಟು ಅಧಿಕಾರಿಗಳಿಗೆ ಕಂಡಿತು? ಗೋಬರ್ ಗ್ಯಾಸೂ ಪೂರಾ ನಿರಪರಾಧಿಯಲ್ಲ. ದನವಿಲ್ಲದ ಮನೆಗೆ ಸ್ವಂತ ಗುಂಡಿಯ ಭಾಗ್ಯವಿಲ್ಲ. ಸೋರಿದ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡುತ್ತದೆ.

ತಿಪಟೂರಿನವರೇ, ಧೈರ್ಯವಾಗಿ ಕಟ್ಟಿಸಿ. ಸ್ಲರಿಯನ್ನು ಮಾತ್ರ ಬಿಸಿಲಿಗೆ ಹರಡಿ ಒಣಗಿಸಬೇಡಿ, ಅದರ ಅಮೋನಿಯಾ ಹಾರಿಹೋಗುತ್ತದೆ. ತರಗು, ತೆಂಗಿನ ಸೋಗೆ ಹಾಕಿ ಮುಚ್ಚಿಡಿ, ಇಲ್ಲವೇ ಹಸಿಯಾಗಿಯೇ ಬುಡಕ್ಕೆ ಬಿಟ್ಟು ಮಣ್ಣೆಳೆಯಿರಿ. ಆಗಾಗ ಪೈಪಿನ ಸಂದಿಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಅವತ್ತೇ ರಿಪೇರಿ ಮಾಡಿಸಿ.