ಮಕ್ಕಳ ರಕ್ತದ ಕ್ಯಾನ್ಸರ್ ಮತ್ತು ರೋಗನಿರೋಧಕ ವಂಶವಾಹಿಗಳು: ಪೋಷಕರಿಗೆ ಮಾಹಿತಿ

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಎಂದರೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯಲ್ಲಿ ಉತ್ಪತ್ತಿಯಾಗುವ ಬಿಳಿ ರಕ್ತಕಣಗಳು ಪೂರ್ಣ ಬೆಳವಣಿಗೆ ಹೊಂದದೆ ಮಿತಿಮೀರಿ ವೃದ್ಧಿಯಾಗುವುದರಿಂದ ಈ ರೋಗ ಉಂಟಾಗುತ್ತದೆ. ಇದು ವಂಶದಿಂದ ಬಂದುದೇ, ಉಳಿದ ಮಕ್ಕಳಿಗೂ ಬರುವುದೇ ಎಂಬ ಆತಂಕ ಪೋಷಕರಲ್ಲಿ ಸಹಜ.

ವಂಶವಾಹಿಗಳ ಪಾತ್ರ

ದೇಹವು ತನ್ನ ಜೀವಕೋಶಗಳನ್ನೂ ಪರಕೀಯ ವಸ್ತುಗಳನ್ನೂ ಬೇರ್ಪಡಿಸಿ ಗುರುತಿಸಲು ಎಚ್.ಎಲ್.ಎ. ಎಂಬ ವಂಶವಾಹಿಗಳು ನೆರವಾಗುತ್ತವೆ. ಇವು 6ನೇ ವರ್ಣತಂತುವಿನಲ್ಲಿದ್ದು, ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವಾಗಿರುತ್ತವೆ. ಈ ಭಿನ್ನತೆಯು ನ್ಯೂನತೆಯಲ್ಲ. ಬಗೆಬಗೆಯ ಸೋಂಕುಗಳನ್ನು ಎದುರಿಸಲು ಅದು ಜನಸಮುದಾಯಕ್ಕೆ ಸಹಕಾರಿಯಾಗಿದೆ.

ಎಚ್.ಎಲ್.ಎ. ಮಾದರಿಗಳಿಗೂ ಮಕ್ಕಳ ಲ್ಯುಕೇಮಿಯಾಗೂ ಇರುವ ಸಂಬಂಧದ ಬಗ್ಗೆ ನಡೆದ ಅಧ್ಯಯನಗಳ ಫಲಿತಾಂಶಗಳು ಏಕರೂಪವಾಗಿಲ್ಲ. ಬಿಳಿ ರಕ್ತಕಣಗಳ ಬೆಳವಣಿಗೆಯನ್ನು ನಿಯಂತ್ರಿಸುವ ಐ.ಕೆ.ಜೆಡ್.ಎಫ್.1 ಮುಂತಾದ ವಂಶವಾಹಿಗಳಲ್ಲಿನ ಸಾಮಾನ್ಯ ವ್ಯತ್ಯಾಸಗಳು ರೋಗದ ಸಂಭವವನ್ನು ಸ್ವಲ್ಪಮಟ್ಟಿಗೆ ಹೆಚ್ಚಿಸುತ್ತವೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನಗಳು ತಿಳಿಸಿವೆ. ಆದರೆ ಇಂತಹ ವ್ಯತ್ಯಾಸವುಳ್ಳ ಬಹುಪಾಲು ಮಕ್ಕಳಿಗೆ ಈ ರೋಗ ಬರುವುದಿಲ್ಲ. ರೋಗ ಉಂಟಾಗಲು ಮಗುವಿನ ರಕ್ತಕಣಗಳಲ್ಲಿ ಬೇರೆ ಬದಲಾವಣೆಗಳೂ ಆಗಬೇಕು. ಅವು ಸಾಮಾನ್ಯವಾಗಿ ತಂದೆತಾಯಿಯಿಂದ ಬಂದವಲ್ಲ. ಆದ್ದರಿಂದ ಪೋಷಕರು ತಮ್ಮನ್ನಾಗಲಿ, ಪರಸ್ಪರರನ್ನಾಗಲಿ ದೂಷಿಸಿಕೊಳ್ಳಲು ಕಾರಣವಿಲ್ಲ. ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳ ಶಂಕೆಯಿದ್ದಲ್ಲಿ ಮಾತ್ರ ಕುಟುಂಬದವರಿಗೆ ವಂಶವಾಹಿ ಪರೀಕ್ಷೆಯನ್ನು ವೈದ್ಯರು ಸೂಚಿಸುತ್ತಾರೆ.

ಎಚ್.ಎಲ್.ಎ. ಪರೀಕ್ಷೆ ಯಾವಾಗ ಅಗತ್ಯ?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಬಹುಪಾಲು ಮಕ್ಕಳಿಗೆ ಔಷಧ ಚಿಕಿತ್ಸೆಯೇ ಸಾಕಾಗುತ್ತದೆ. ರೋಗ ಮರುಕಳಿಸಿದಾಗ ಅಥವಾ ತೀವ್ರ ಸ್ವರೂಪದ್ದಾಗಿದ್ದಾಗ ಅಸ್ಥಿಮಜ್ಜೆ ಕಸಿ ಬೇಕಾಗಬಹುದು. ಆಗ ಸೂಕ್ತ ದಾನಿಯನ್ನು ಗುರುತಿಸಲು ರಕ್ತ ಅಥವಾ ಕೆನ್ನೆಯ ಒಳಭಾಗದ ಮಾದರಿಯಿಂದ ಎಚ್.ಎಲ್.ಎ. ಪರೀಕ್ಷೆ ನಡೆಸಲಾಗುತ್ತದೆ.

ಗಮನಿಸಬೇಕಾದ ಅಂಶಗಳು

1. ಮಗುವು ಎಚ್.ಎಲ್.ಎ. ವಂಶವಾಹಿಗಳ ಒಂದು ಗುಂಪನ್ನು ತಂದೆಯಿಂದ, ಇನ್ನೊಂದನ್ನು ತಾಯಿಯಿಂದ ಪಡೆಯುತ್ತದೆ. ಹೀಗಾಗಿ ಒಡಹುಟ್ಟಿದ ಪ್ರತಿಯೊಬ್ಬರೂ ಪೂರ್ಣ ಹೊಂದಾಣಿಕೆಯಾಗುವ ಸಾಧ್ಯತೆ ಶೇ. 25.

2. ತಂದೆ ಅಥವಾ ತಾಯಿ ಸಾಮಾನ್ಯವಾಗಿ ಅರ್ಧದಷ್ಟು ಹೊಂದಾಣಿಕೆಯಾಗುತ್ತಾರೆ. ಅರ್ಧ ಹೊಂದಾಣಿಕೆಯ ಕಸಿಯೂ ಈಗ ಸಾಧ್ಯವಿದೆ.

3. ಸೋದರ ಸಂಬಂಧದಲ್ಲಿ ವಿವಾಹವಾಗಿರುವ ಕುಟುಂಬಗಳಲ್ಲಿ ಪೋಷಕರು ಅಥವಾ ಹತ್ತಿರದ ಬಂಧುಗಳು ಪೂರ್ಣ ಹೊಂದಾಣಿಕೆಯಾಗುವ ಸಾಧ್ಯತೆ ಹೆಚ್ಚು. ಈ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

4. ದಾನಿಯ ರಕ್ತದ ಗುಂಪು ಬೇರೆಯಾಗಿದ್ದರೂ ಕಸಿ ಮಾಡಬಹುದಾಗಿದೆ.

5. ಕುಟುಂಬದಲ್ಲಿ ಸೂಕ್ತ ದಾನಿ ದೊರೆಯದಿದ್ದಲ್ಲಿ, ದಾನಿಗಳ ನೋಂದಣಿ ಸಂಸ್ಥೆಗಳ ಮೂಲಕ ಹುಡುಕಲಾಗುತ್ತದೆ. ಒಂದೇ ಜನಮೂಲದವರಲ್ಲಿ ಹೊಂದಾಣಿಕೆ ದೊರೆಯುವ ಸಂಭವ ಹೆಚ್ಚಾದುದರಿಂದ, ನಮ್ಮವರೇ ಹೆಚ್ಚಿನ ಸಂಖ್ಯೆಯಲ್ಲಿ ದಾನಿಗಳಾಗಿ ಹೆಸರು ನೋಂದಾಯಿಸುವುದು ಅಗತ್ಯ.

ಚಿಕಿತ್ಸಾ ವೆಚ್ಚದ ನೆರವಿಗಾಗಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್‌ನೊಂದಿಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಸಂಪರ್ಕಿಸಬಹುದು. ಕಸಿ ಬೇಕಾಗುವುದೆಂದು ವೈದ್ಯರು ತಿಳಿಸಿದಲ್ಲಿ, ಒಡಹುಟ್ಟಿದವರ ಪರೀಕ್ಷೆಯನ್ನು ವಿಳಂಬವಿಲ್ಲದೆ ಮಾಡಿಸುವುದು ಮಗುವಿನ ಹಿತದೃಷ್ಟಿಯಿಂದ ಅತ್ಯಗತ್ಯ.