ಫಾಲ್ಟ್ ಎಷ್ಟು ದೂರದಲ್ಲಿದೆ?

ಶರಾವತಿ ಕಣಿವೆಯಿಂದ ಹೊರಡುವ 220 ಕಿಲೋವೋಲ್ಟ್ ಮಾರ್ಗಗಳು ಮಲೆನಾಡಿನ ದಟ್ಟ ಕಾಡು ದಾಟಿ ಬಯಲುಸೀಮೆಗೆ ಬರುತ್ತವೆ. ಮಳೆಗಾಲದಲ್ಲಿ ಇಂಥ ಮಾರ್ಗಕ್ಕೆ ಬಾಗಿದ ಬಿದಿರು ತಾಗಬಹುದು, ಸಿಡಿಲಿಗೆ ಇನ್ಸುಲೇಟರ್ ಒಡೆಯಬಹುದು. ಆಗ ಸಬ್‌ಸ್ಟೇಷನ್ನಿನ ರಿಲೇ ಈ ದೋಷವನ್ನು, ಅಂದರೆ ಫಾಲ್ಟನ್ನು, ಗುರುತಿಸಿ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲೇ ಬ್ರೇಕರ್ ಟ್ರಿಪ್ ಮಾಡಿಸುತ್ತದೆ. ಇಷ್ಟಾದ ಮೇಲೆ ಲೈನಿನ ಸಿಬ್ಬಂದಿ ಸ್ಥಳ ಹುಡುಕಿ ಹೊರಡಬೇಕು. ಈ ಮಾರ್ಗಗಳಲ್ಲಿ ಟವರ್‌ನಿಂದ ಟವರ್‌ಗೆ ಸುಮಾರು 350 ಮೀಟರ್. 100 ಕಿಲೋಮೀಟರ್ ಉದ್ದದ ಮಾರ್ಗವಾದರೆ ಮುನ್ನೂರರ ಹತ್ತಿರ ಟವರ್‌ಗಳು. ದೂರದ ಲೆಕ್ಕ ಶೇಕಡ 5ರಷ್ಟು ತಪ್ಪಿದರೂ ಹದಿನಾಲ್ಕು ಟವರ್‌ಗಳಷ್ಟು ಆಚೀಚೆ ಆಗುತ್ತದೆ. ಜಿಗಣೆ ಕಚ್ಚುವ ಕಾಡಿನಲ್ಲಿ, ಸುರಿಯುವ ಮಳೆಯಲ್ಲಿ ಅದು ಸಣ್ಣ ತಪ್ಪಲ್ಲ.

ದೂರ ಅಳೆಯುವ ಹಳೆಯ ಉಪಾಯ ಸರಳವಾಗಿದೆ. ಎ.ಸಿ. ಕರೆಂಟಿಗೆ ತಂತಿ ಒಡ್ಡುವ ರಿಯಾಕ್ಟೆನ್ಸ್ ಎಂಬ ತಡೆ, ಇಂಥ ಮಾರ್ಗದಲ್ಲಿ ಕಿಲೋಮೀಟರಿಗೆ ಸುಮಾರು 0.4 ಓಮ್. ಫಾಲ್ಟ್ ಆದ ಕ್ಷಣದ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಆ ತಡೆ 24 ಓಮ್ ಎಂದು ಬಂದರೆ, ಜಾಗ 60 ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ತಂತಿ ನೇರವಾಗಿ ಲೋಹಕ್ಕೆ ತಾಗಿದ್ದರೆ ಈ ಲೆಕ್ಕ ಚೆನ್ನಾಗಿ ಬರುತ್ತದೆ. ಮರದ ಮೂಲಕ ನೆಲಕ್ಕೆ ಹರಿದರೆ ಮರದ ತಡೆಯೂ ಲೆಕ್ಕದೊಳಗೆ ಸೇರುತ್ತದೆ; ಅದೇ ಮರಕ್ಕೆ ಮಾರ್ಗದ ಇನ್ನೊಂದು ತುದಿಯಿಂದಲೂ ಕರೆಂಟ್ ಬರುತ್ತಿರುತ್ತದೆ. ಹಾಗಾಗಿ ವಿದ್ಯುತ್ ಕಳಿಸುವ ತುದಿಯಿಂದ ನೋಡಿದರೆ ಫಾಲ್ಟ್ ನಿಜಕ್ಕಿಂತ ಹತ್ತಿರ ಕಾಣುತ್ತದೆ, ಪಡೆಯುವ ತುದಿಯಿಂದ ದೂರ ಕಾಣುತ್ತದೆ.

ಇದಕ್ಕಿಂತ ಮೊದಲೇ ಇನ್ನೊಂದು ತೊಡಕಿದೆ. ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಯಾವುದು ನೆಲಕ್ಕೆ ತಾಗಿತು, ಅಥವಾ ಯಾವ ಎರಡು ಒಂದಕ್ಕೊಂದು ತಾಗಿದವು ಎಂಬುದರ ಮೇಲೆ ಭಾಗಾಕಾರದ ಸೂತ್ರವೇ ಬೇರೆಯಾಗುತ್ತದೆ. ಬಗೆಯನ್ನು ತಪ್ಪಾಗಿ ಗುರುತಿಸಿದರೆ ದೂರದ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಫಜ್ಜಿ ಲಾಜಿಕ್ ಎಂಬ ಗಣಿತ ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಬಾಕುವಿನಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಲೋತ್ಫಿ ಜಾದೆ 1965ರಲ್ಲಿ ಈ ಗಣಿತಕ್ಕೆ ಅಡಿಪಾಯ ಹಾಕಿದರು. ಸಾಮಾನ್ಯ ತರ್ಕದಲ್ಲಿ ಒಂದು ಮಾತು ನಿಜ ಅಥವಾ ಸುಳ್ಳು, 1 ಅಥವಾ 0. ಜಾದೆಯವರ ಗಣಿತದಲ್ಲಿ ಅದು 0.6ರಷ್ಟು ನಿಜವಾಗಬಹುದು.

ರಿಲೇ ಒಳಗೆ ಇದು ಹೇಗೆ ನಡೆಯುತ್ತದೆ? ಫಾಲ್ಟ್ ಕರೆಂಟನ್ನು ಪಾಸಿಟಿವ್, ನೆಗೆಟಿವ್, ಜೀರೋ ಸೀಕ್ವೆನ್ಸ್ ಎಂಬ ಮೂರು ಭಾಗಗಳಾಗಿ ಒಡೆಯಬಹುದು. ಆರ್ ಫೇಸ್ ನೆಲಕ್ಕೆ ತಾಗಿದ್ದರೆ ಮೊದಲೆರಡರ ನಡುವಿನ ಕೋನ ಸೊನ್ನೆಯ ಹತ್ತಿರ ಇರುತ್ತದೆ. ಆರ್ ಮತ್ತು ವೈ ಒಂದಕ್ಕೊಂದು ತಾಗಿದ್ದರೆ 60 ಡಿಗ್ರಿ. ಆದರೆ ಗ್ರಾಹಕರ ಹೊರೆಯ ಕರೆಂಟ್ ಬೆರೆತು, ಅಳತೆ 24 ಡಿಗ್ರಿ ಎಂದು ಬಂತೆನ್ನಿ. 30ಕ್ಕೆ ಗೆರೆ ಎಳೆದು ಆಚೆ-ಈಚೆ ಎಂದು ತೀರ್ಮಾನಿಸುವ ರಿಲೇ ಇನ್ನು ಕೆಲವು ಡಿಗ್ರಿ ಸರಿದರೆ ಉತ್ತರವನ್ನೇ ಬದಲಿಸಿಬಿಡುತ್ತದೆ. ಫಜ್ಜಿ ರಿಲೇ ಮಾತ್ರ, 'ಸೊನ್ನೆಯ ಹತ್ತಿರ' ಎಂಬುದು 0.6ರಷ್ಟು ನಿಜ, '60ರ ಹತ್ತಿರ' ಎಂಬುದು 0.4ರಷ್ಟು ನಿಜ ಎಂದು ಎರಡನ್ನೂ ಇಟ್ಟುಕೊಳ್ಳುತ್ತದೆ. ಆಮೇಲೆ ಬೇರೆ ಸಾಕ್ಷಿ ಕೇಳುತ್ತದೆ. ನೆಲಕ್ಕೆ ಹರಿದ ಕುರುಹಾದ ಜೀರೋ ಸೀಕ್ವೆನ್ಸ್ ಹೆಚ್ಚಿದೆಯೇ? 0.9ರಷ್ಟು ಹೌದು. ವೈ ಫೇಸಿನ ಕರೆಂಟೂ ಏರಿದೆಯೇ? 0.1ರಷ್ಟು ಮಾತ್ರ. ಎರಡೂ ಷರತ್ತು ಕೂಡಿಬರಬೇಕಾದ ನಿಯಮಕ್ಕೆ, ಅವುಗಳಲ್ಲಿ ಕಡಿಮೆಯಿರುವ ಅಂಕಿಯೇ ಬಲ. ಆದ್ದರಿಂದ ಆರ್ ಫೇಸ್ ನೆಲಕ್ಕೆ ತಾಗಿದೆ ಎಂಬುದಕ್ಕೆ 0.6, ಆರ್-ವೈ ತಾಗಿವೆ ಎಂಬುದಕ್ಕೆ 0.1. ಮೊದಲನೆಯದು ಗೆಲ್ಲುತ್ತದೆ, ಅದರ ಸೂತ್ರದಿಂದ ದೂರ ಲೆಕ್ಕವಾಗುತ್ತದೆ. 1995ರಲ್ಲಿ ಇಟಲಿಯ ಫೆರೆರೊ ಮತ್ತು ಸಂಗಡಿಗರು ಡಿಜಿಟಲ್ ರಿಲೇಗಳಲ್ಲಿ ಫಾಲ್ಟಿನ ಬಗೆ ಗುರುತಿಸಲು ಫಜ್ಜಿ ಗಣಿತದ ದಾರಿಯೊಂದನ್ನು ಪ್ರಕಟಿಸಿದ್ದರು.

ದೂರವನ್ನು ತಿದ್ದುವುದಕ್ಕೂ ಇಂಥ ನಿಯಮಗಳನ್ನು ಬರೆಯಬಹುದು. ಒಂದು ನಿಯಮ 58 ಕಿಲೋಮೀಟರ್ ಎಂದು 0.3 ಬಲದಿಂದ, ಇನ್ನೊಂದು 62 ಎಂದು 0.7 ಬಲದಿಂದ ಹೇಳಿದರೆ, ತೂಗಿದ ಸರಾಸರಿ 60.8 ಕಿಲೋಮೀಟರ್. ಆದರೆ ಈ ಅಂಕಿಗಳ ಗಡಿಗಳನ್ನು ಹೊಂದಿಸುವ ಕೆಲಸ ಬಹಳ ಶ್ರಮದ್ದು. ಸಾವಿರಾರು ಫಾಲ್ಟ್‌ಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಪರೀಕ್ಷಿಸಬೇಕು. ಒಂದು ಮಾರ್ಗಕ್ಕೆ ಹೊಂದಿಸಿದ್ದನ್ನು ಬೇರೆ ಉದ್ದದ, ಬೇರೆ ಹೊರೆಯ ಮಾರ್ಗಕ್ಕೆ ಹಾಗೆಯೇ ಹಾಕಿದರೆ ಮೋಸಹೋಗುತ್ತೇವೆ. ಎರಡೂ ತುದಿಗಳ ಅಳತೆ ಒಂದೇ ಗಡಿಯಾರಕ್ಕೆ ಹೊಂದಿ ಸಿಗುವ ಕಡೆ, ಮರದ ತಡೆಯ ಗೊಂದಲ ನೇರ ಗಣಿತದಿಂದಲೇ ಬಹುಪಾಲು ಕಳೆಯುತ್ತದೆ. ಅಲ್ಲಿ ಫಜ್ಜಿಯ ಅಗತ್ಯ ಕಡಿಮೆ.

ಒಣನೆಲಕ್ಕೆ ಬಿದ್ದ ತಂತಿಯಂಥ ಪ್ರಕರಣದಲ್ಲಿ ಕರೆಂಟ್ ಹೆಚ್ಚು ಏರುವುದೇ ಇಲ್ಲ, ಎಲ್ಲ ನಿಯಮಗಳ ಬಲವೂ ಕೆಳಗೇ ಉಳಿಯುತ್ತದೆ. ಆಗ ಒಂದೇ ಟವರ್ ಸಂಖ್ಯೆ ಕೊಡುವ ಬದಲು, ಈ ಟವರಿನಿಂದ ಆ ಟವರಿನವರೆಗೆ ನೋಡಿ ಎಂದು ವ್ಯಾಪ್ತಿ ಹೇಳುವಂತೆ ವ್ಯವಸ್ಥೆಯನ್ನು ರೂಪಿಸಬೇಕು. ಅಷ್ಟು ತಿಳಿದರೆ ಸಿಬ್ಬಂದಿ ಎರಡು ತಂಡವಾಗಿ, ಎರಡು ಕಡೆಯಿಂದ ಹೊರಡಬಹುದು.