ಕರ್ನಾಟಕದಲ್ಲಿ ಉಪಶಾಮಕ ಆರೈಕೆಯ ಶಿಕ್ಷಣ ಮತ್ತು ತರಬೇತಿ

ಉಪಶಾಮಕ ಆರೈಕೆಯ ಶಿಕ್ಷಣ ಮತ್ತು ತರಬೇತಿ ಎಂದರೆ ಗುಣಪಡಿಸಲಾಗದ ಅಥವಾ ಜೀವಕ್ಕೆ ಅಪಾಯ ತರುವ ಕಾಯಿಲೆಗಳಿಂದ ಬಳಲುವವರ ನೋವು ಮತ್ತಿತರ ಯಾತನೆಗಳನ್ನು ಗುರುತಿಸಿ ಶಮನಗೊಳಿಸಲು ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಹಾಗೂ ವೃದ್ಧರ ಆರೈಕೆದಾರರಿಗೆ ನೀಡುವ ವ್ಯವಸ್ಥಿತ ಕಲಿಕೆ. ಕ್ಯಾನ್ಸರ್, ಪಾರ್ಶ್ವವಾಯು, ಮರೆವಿನ ಕಾಯಿಲೆ, ದೀರ್ಘಕಾಲದ ಶ್ವಾಸಕೋಶ ರೋಗ, ಹೃದಯ ಮತ್ತು ಮೂತ್ರಪಿಂಡಗಳ ವೈಫಲ್ಯ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. ಈ ಆರೈಕೆಯ ಬಹುಭಾಗ ರೋಗಿಯ ಮನೆಯಲ್ಲಿಯೇ ನಡೆಯಬೇಕಾಗಿರುವುದರಿಂದ, ಸಂಡೂರಿನಂತಹ ತಾಲ್ಲೂಕುಗಳಲ್ಲಿ ಅದರ ಲಭ್ಯತೆಯು ಆಸ್ಪತ್ರೆಯ ಕಟ್ಟಡಕ್ಕಿಂತ ಹೆಚ್ಚಾಗಿ ತರಬೇತಿ ಪಡೆದ ಸಿಬ್ಬಂದಿಯನ್ನು ಅವಲಂಬಿಸಿದೆ.

ಹಿನ್ನೆಲೆ

ಆಧುನಿಕ ಉಪಶಾಮಕ ಆರೈಕೆಯ ಆರಂಭವನ್ನು ಸಾಮಾನ್ಯವಾಗಿ 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ನಿಂದ ಗುರುತಿಸಲಾಗುತ್ತದೆ. ನೋವಿಗೆ ದೈಹಿಕ, ಮಾನಸಿಕ, ಸಾಮಾಜಿಕ ಮತ್ತು ಆಧ್ಯಾತ್ಮಿಕ ಎಂಬ ನಾಲ್ಕು ಮುಖಗಳಿವೆ ಎಂಬ ಆಕೆಯ ‘ಸಮಗ್ರ ನೋವು’ ಪರಿಕಲ್ಪನೆಯು ಇಂದಿನ ತರಬೇತಿಗಳಿಗೂ ತಳಹದಿಯಾಗಿದೆ. ಭಾರತದ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ ಸದನವು 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ನೆರೆಯ ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಸ್ಥಾಪನೆಯಾದ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯು, ತರಬೇತಿ ಪಡೆದ ಸ್ವಯಂಸೇವಕರು ಮನೆಮನೆಗೆ ತೆರಳಿ ಆರೈಕೆ ನೀಡುವ ಸಮುದಾಯ ಮಾದರಿಗೆ ನಾಂದಿ ಹಾಡಿತು. ಭಾರತೀಯ ಉಪಶಾಮಕ ಆರೈಕೆ ಸಂಘವು 1994ರಲ್ಲಿ ರಚನೆಯಾಯಿತು.

ಕರ್ನಾಟಕದಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1994ರಲ್ಲಿ ರೂಪುಗೊಂಡಿತು. ಅದರ ‘ಕರುಣಾಶ್ರಯ’ ಹಾಸ್ಪಿಸ್ 1999ರಿಂದ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಿದ್ದು, ಶಿಕ್ಷಣ ಮತ್ತು ಸಂಶೋಧನೆಗಾಗಿ ಪ್ರತ್ಯೇಕ ವಿಭಾಗವನ್ನೂ ಹೊಂದಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮತ್ತು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜುಗಳಲ್ಲಿ ಉಪಶಾಮಕ ಆರೈಕೆಯ ವಿಭಾಗಗಳಿವೆ. ಮೈಸೂರು ಪ್ರದೇಶದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆ ಆಧಾರಿತ ಆರೈಕೆಯನ್ನು ನಡೆಸುತ್ತಿದೆ.

ತರಬೇತಿಯ ಹಂತಗಳು

ಭಾರತೀಯ ವೈದ್ಯಕೀಯ ಪರಿಷತ್ತು 2010ರಲ್ಲಿ ಉಪಶಾಮಕ ವೈದ್ಯಶಾಸ್ತ್ರವನ್ನು ಸ್ನಾತಕೋತ್ತರ ವಿಷಯವಾಗಿ ಮಾನ್ಯ ಮಾಡಿತು. 2012ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ದೇಶದ ಮೊದಲ ಎಂ.ಡಿ. ಕೋರ್ಸ್ ಪ್ರಾರಂಭವಾಯಿತು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿಯೂ, ಬಿ.ಎಸ್ಸಿ. ನರ್ಸಿಂಗ್‌ನ ಪರಿಷ್ಕೃತ ಪಠ್ಯಕ್ರಮದಲ್ಲಿಯೂ ಈ ವಿಷಯಕ್ಕೆ ಸ್ಥಾನ ದೊರೆತಿದೆ. ಅದಕ್ಕೂ ಹಿಂದೆ ಪದವಿ ಪಡೆದ ವೈದ್ಯರು ಮತ್ತು ದಾದಿಯರಿಗಾಗಿ ಭಾರತೀಯ ಉಪಶಾಮಕ ಆರೈಕೆ ಸಂಘವು ಸರ್ಟಿಫಿಕೇಟ್ ಕೋರ್ಸನ್ನು ನಡೆಸುತ್ತದೆ.

ಕೇಂದ್ರ ಸರ್ಕಾರವು 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮವನ್ನು ರೂಪಿಸಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಈ ಸೇವೆಯನ್ನು ಪ್ರಾಥಮಿಕ ಆರೋಗ್ಯ ಸೇವೆಯ ಭಾಗವೆಂದು ಪರಿಗಣಿಸಿತು. ಆಯುಷ್ಮಾನ್ ಭಾರತ್ ಯೋಜನೆಯಡಿ ಆಯುಷ್ಮಾನ್ ಆರೋಗ್ಯ ಮಂದಿರಗಳು (ಹಿಂದಿನ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು) ನೀಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆ ಸೇರಿವೆ. ಇದರಲ್ಲಿ ಪ್ರತಿ ಹಂತದ ಸಿಬ್ಬಂದಿಯ ಪಾತ್ರವೂ ಬೇರೆಬೇರೆಯಾಗಿದೆ:

* ಆಶಾ ಕಾರ್ಯಕರ್ತೆ: ಹಾಸಿಗೆ ಹಿಡಿದವರನ್ನು ಗುರುತಿಸುವುದು, ಮನೆಭೇಟಿ, ಕುಟುಂಬಕ್ಕೆ ಆರೈಕೆಯ ಕ್ರಮ ಕಲಿಸುವುದು.
* ಸಮುದಾಯ ಆರೋಗ್ಯ ಅಧಿಕಾರಿ ಮತ್ತು ದಾದಿ: ನೋವಿನ ಅಳತೆ, ಗಾಯ ಹಾಗೂ ಮೂತ್ರನಳಿಕೆಯ ಆರೈಕೆ, ಔಷಧಗಳ ಮುಂದುವರಿಕೆ.
* ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ: ಚಿಕಿತ್ಸಾ ಯೋಜನೆ, ಔಷಧದ ಪ್ರಮಾಣದ ನಿರ್ಧಾರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಶಿಫಾರಸು.

ಪಠ್ಯವಿಷಯ

ತರಬೇತಿಯ ಮೊದಲ ಪಾಠ ನೋವನ್ನು ಅಳೆಯುವುದು. ನೋವಿಲ್ಲದಿದ್ದರೆ 0, ಅತ್ಯಂತ ತೀವ್ರವಾಗಿದ್ದರೆ 10 ಎಂದು ಅಂಕ ಹೇಳುವಂತೆ ರೋಗಿಯನ್ನು ಕೇಳಲಾಗುತ್ತದೆ. ಮಾತನಾಡಲಾಗದವರಲ್ಲಿ ಮುಖಭಾವ, ನರಳಿಕೆ ಮತ್ತು ಚಲನೆಯನ್ನು ಗಮನಿಸಬೇಕಾಗುತ್ತದೆ. ರೋಗಿಯು ಬಳಸುವ ಪದವೂ ರೋಗನಿರ್ಣಯಕ್ಕೆ ಮುಖ್ಯ. ‘ಉರಿ’, ‘ಜೋಮು’, ‘ಕರೆಂಟು ಹೊಡೆದಂತೆ’ ಎಂಬ ವರ್ಣನೆಗಳು ನರಸಂಬಂಧಿ ನೋವನ್ನು ಸೂಚಿಸಬಹುದು. ಇದಕ್ಕೆ ಸಾಮಾನ್ಯ ನೋವುನಿವಾರಕಗಳು ಮಾತ್ರ ಸಾಲುವುದಿಲ್ಲ.

ಎರಡನೆಯದು ಔಷಧ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ‘ನೋವುನಿವಾರಕ ಏಣಿ’ಯು ಪ್ಯಾರಾಸಿಟಮಾಲ್‌ನಂತಹ ಔಷಧಗಳಿಂದ ಮಾರ್ಫಿನ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೋವು ಮರುಕಳಿಸುವವರೆಗೆ ಕಾಯದೆ ನಿಗದಿತ ವೇಳೆಗೆ ಔಷಧ ನೀಡುವುದು ಇದರ ಮುಖ್ಯ ತತ್ವ. ಬಾಯಿಯ ಮೂಲಕ ನೀಡುವ ಸಾಮಾನ್ಯ ಮಾರ್ಫಿನ್‌ನ ಪರಿಣಾಮವು ಸುಮಾರು 4 ಗಂಟೆ ಇರುತ್ತದೆ. ಅದರಿಂದ ಮಲಬದ್ಧತೆ ಉಂಟಾಗುವುದರಿಂದ ಆರಂಭದಲ್ಲಿಯೇ ವಿರೇಚಕವನ್ನೂ ಕೊಡಬೇಕು. ಇದನ್ನು ಹೇಳಿಕೊಡದಿದ್ದಲ್ಲಿ ಕುಟುಂಬದವರು ಮಾರ್ಫಿನ್ ನಿಲ್ಲಿಸಿಬಿಡುವ ಸಂಭವವಿರುತ್ತದೆ.

ಹಾಸಿಗೆ ಹುಣ್ಣು ತಡೆಯಲು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಯಿಯ ಶುಚಿತ್ವ, ಉಸಿರಾಟದ ತೊಂದರೆಯಾದಾಗ ಒರಗಿ ಕೂರಿಸಿ ಮುಖಕ್ಕೆ ಗಾಳಿ ಬೀಸುವುದು ಮೊದಲಾದ ಕ್ರಮಗಳನ್ನು ಪ್ರಾತ್ಯಕ್ಷಿಕೆಯ ಮೂಲಕ ಕಲಿಸಲಾಗುತ್ತದೆ. ಕಹಿ ಸುದ್ದಿಯನ್ನು ತಿಳಿಸುವ ವಿಧಾನ, ಮರಣಾನಂತರ ಕುಟುಂಬಕ್ಕೆ ಸಾಂತ್ವನ ಮತ್ತು ಆರೈಕೆದಾರರ ಸ್ವಂತ ಬಳಲಿಕೆಯ ನಿರ್ವಹಣೆಯೂ ಪಠ್ಯದಲ್ಲಿವೆ.

ಕಾನೂನು ಮತ್ತು ತರಬೇತಿಯ ಸಂಬಂಧ

1985ರ ಮಾದಕ ದ್ರವ್ಯ ಮತ್ತು ಮನಃಪ್ರಭಾವಿ ವಸ್ತುಗಳ ಕಾಯ್ದೆಯ ನಂತರ ಹಲವು ಪರವಾನಗಿಗಳ ತೊಡಕಿನಿಂದಾಗಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಳಕೆ ಕುಗ್ಗಿತು. ಆ ಅವಧಿಯಲ್ಲಿ ಕಲಿತ ಅನೇಕ ವೈದ್ಯರಿಗೆ ಅದನ್ನು ಬಳಸುವ ಅನುಭವವೇ ದೊರೆಯಲಿಲ್ಲ. 2014ರ ತಿದ್ದುಪಡಿಯು ‘ಅಗತ್ಯ ಮಾದಕ ಔಷಧ’ ಎಂಬ ವರ್ಗವನ್ನು ಸೃಷ್ಟಿಸಿ, ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್ ಮತ್ತು ಹೈಡ್ರೊಕೊಡೋನ್‌ಗಳಿಗೆ ದೇಶದಾದ್ಯಂತ ಏಕರೂಪದ ನಿಯಮಗಳಿಗೆ ದಾರಿ ಮಾಡಿತು. ಇವುಗಳನ್ನು ಇರಿಸಿಕೊಳ್ಳುವ ಆಸ್ಪತ್ರೆಯು ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ಯಾಗಿರಬೇಕು. ನೋವು ಶಮನಕ್ಕಾಗಿ ಈ ಮಾನ್ಯತೆ ಪಡೆಯಲು ಉಪಶಾಮಕ ಆರೈಕೆಯಲ್ಲಿ ತರಬೇತಿ ಹೊಂದಿದ ವೈದ್ಯರಿರುವುದು ಅಗತ್ಯ. ಹೀಗಾಗಿ ಒಬ್ಬ ವೈದ್ಯರ ತರಬೇತಿಯು ಒಂದು ಊರಿನಲ್ಲಿ ಔಷಧ ಸಿಗುವುದೇ ಇಲ್ಲವೇ ಎಂಬುದನ್ನು ನಿರ್ಧರಿಸಬಲ್ಲದು.

ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, 2023ರಲ್ಲಿ ಅದರ ಕಾರ್ಯವಿಧಾನವನ್ನು ಸರಳಗೊಳಿಸಿತು. ಇದರ ಅನುಷ್ಠಾನಕ್ಕಾಗಿ ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಿದ ನಂತರವೂ ನೋವು ಶಮನ ಮುಂದುವರಿಯಬೇಕಾಗಿರುವುದರಿಂದ, ಈ ವಿಷಯವೂ ಸಿಬ್ಬಂದಿಯ ಕಲಿಕೆಗೆ ಸೇರಬೇಕಾಗಿದೆ.

ಸಂಡೂರು ತಾಲ್ಲೂಕಿನ ಸಂದರ್ಭ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾಯಿತು; ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು. ತಾಲ್ಲೂಕಿನ ರೋಗಿಗಳಿಗೆ ಸಂಡೂರಿನ ತಾಲ್ಲೂಕು ಆಸ್ಪತ್ರೆಯ ನಂತರದ ಸರ್ಕಾರಿ ಉನ್ನತ ಕೇಂದ್ರಗಳಲ್ಲಿ ಒಂದು 1961ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು (ಹಿಂದಿನ ವಿಮ್ಸ್). ದೋಣಿಮಲೈ, ದೇವಗಿರಿಗಳ ಅದಿರು ಗಣಿಗಳು ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇಲ್ಲಿನ ಪ್ರಮುಖ ಉದ್ಯೋಗ ಕೇಂದ್ರಗಳು. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳು ಗಣಿ ಕೆಲಸದ ಔದ್ಯೋಗಿಕ ರೋಗಗಳಾಗಿರುವ ಕಾರಣ, ಉಬ್ಬಸ ಮತ್ತು ಏದುಸಿರಿನ ಶಮನವು ಇಂತಹ ಪ್ರದೇಶದ ತರಬೇತಿಯಲ್ಲಿ ವಿಶೇಷ ಮಹತ್ವ ಪಡೆಯುತ್ತದೆ.

ಭಾಷೆಯು ಇನ್ನೊಂದು ಅಂಶ. ಕಸೂತಿಗೆ ಹೆಸರಾದ ಸಂಡೂರಿನ ಲಂಬಾಣಿ ಸಮುದಾಯದ ಮನೆಮಾತು ಗೋರ್ ಬೋಲಿ. ಕನ್ನಡದಲ್ಲಿ ವ್ಯವಹರಿಸಬಲ್ಲ ಹಿರಿಯರಿಗೂ ನೋವು, ಭಯಗಳನ್ನು ಮನೆಮಾತಿನಲ್ಲಿ ಹೇಳಿಕೊಳ್ಳುವುದೇ ಸುಲಭ. ಆದ್ದರಿಂದ ತಾಂಡಾದಲ್ಲಿಯೇ ನೆಲೆಸಿರುವ ಕಾರ್ಯಕರ್ತೆಯು ತರಬೇತಿ ಪಡೆದರೆ, ದೂರದ ತಜ್ಞರಿಗೆ ಸಿಗದ ಮಾಹಿತಿ ಆಕೆಗೆ ಸಿಗಬಲ್ಲದು.

ಸವಾಲುಗಳು

ಒಂದೆರಡು ದಿನಗಳ ಉಪನ್ಯಾಸದಿಂದ ಮಾಹಿತಿ ದೊರೆತರೂ ಕೌಶಲ ಬರುವುದಿಲ್ಲ. ಅನುಭವಿಗಳೊಂದಿಗೆ ಮನೆಭೇಟಿ ಮಾಡಿ ಕಲಿಯುವುದು ಅವಶ್ಯಕ. ತರಬೇತಿ ಪಡೆದ ವೈದ್ಯರ ವರ್ಗಾವಣೆಯಾದಾಗ ಸೇವೆಯೂ ಔಷಧ ಪೂರೈಕೆಯೂ ಕುಂಠಿತವಾಗುವ ಸಂಭವವಿದೆ. ವೃದ್ಧಾಶ್ರಮಗಳಲ್ಲಿ ಹಾಗೂ ಮನೆಗಳಲ್ಲಿ ಸಂಬಳಕ್ಕೆ ದುಡಿಯುವ ಆರೈಕೆದಾರರು ಸರ್ಕಾರಿ ತರಬೇತಿಯ ವ್ಯಾಪ್ತಿಯಿಂದ ಬಹುಮಟ್ಟಿಗೆ ಹೊರಗಿದ್ದಾರೆ. ದೂರದ ಸಿಬ್ಬಂದಿಯು ತಮ್ಮ ರೋಗಿಗಳ ಸಮಸ್ಯೆಗಳನ್ನು ವಿಡಿಯೊ ಸಂವಾದದ ಮೂಲಕ ತಜ್ಞರೊಂದಿಗೆ ಚರ್ಚಿಸುವ ‘ಎಕೋ’ ಮಾದರಿಯು ಈ ಕೊರತೆಯನ್ನು ಭಾಗಶಃ ತುಂಬಬಲ್ಲದು.

ಇವನ್ನೂ ನೋಡಿ

* ಆಶಾ ಕಾರ್ಯಕರ್ತೆ
* ಮಾರ್ಫಿನ್
* ಸಂಡೂರು